ಬೀಗಕ್ಕೆ ಹಾಕಿದ ಓಟು

ಮಕ್ಕಳಾ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ, ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ. ನೀವು ತಮಿಳು ಓದುತ್ತೀರಿ, ಇಂಗ್ಲಿಷ್ ಓದುತ್ತೀರಿ, ಮನೆಯಲ್ಲಿ ಕನ್ನಡ ಆಡುತ್ತೀರಿ. ಕನ್ನಡ ಅಕ್ಷರ ಕಂಡರೆ ಮಾತ್ರ ‘ಜಿಲೇಬಿ ಹಿಂಡಿದ ಹಾಗಿದೆ’ ಎಂದು ನಗುತ್ತೀರಿ. ನಾನು ಹುಟ್ಟಿದ್ದು ತಾಳವಾಡಿ ಬೆಟ್ಟದ ಕಡೆ. ಅಲ್ಲಿ ತಮಿಳುನಾಡಿನ ಒಳಗೇ ಕನ್ನಡ ಶಾಲೆ ಇತ್ತು. ಏಳನೆಯ ತರಗತಿಯವರೆಗೆ ಓದಿದೆ. ಆಮೇಲೆ ಮದುವೆಯಾಗಿ ಈ ಕುನ್ನತ್ತೂರಿನ ಕಡೆಗೆ ಬಂದೆ. ಇಲ್ಲಿ ನಮ್ಮ ಬೀದಿಯವರೆಲ್ಲ ತಲೆಮಾರುಗಳಿಂದ ಕನ್ನಡದವರೇ, ಆದರೆ ಕನ್ನಡ ಓದಬಲ್ಲವಳು ನಾನೊಬ್ಬಳೇ. ಪೀಳಮೇಡಿನ ಹಾಸ್ಟೆಲಿನಲ್ಲಿ ನಿಮ್ಮ ಅಕ್ಕನ ಕೋಣೆಯಲ್ಲಿ ಹಾಸನದ ಹುಡುಗಿಯೊಬ್ಬಳು ಇದ್ದಾಳಂತೆ, ಅವಳು ಓದಿ ಹೇಳುತ್ತಾಳಂತೆ. ಓದುತ್ತಿರುವ ತಾಯಿ, ನಿನಗೂ ನಮಸ್ಕಾರ. ನಗು ಬಂದರೆ ನಕ್ಕು ಮುಂದಕ್ಕೆ ಓದು. ವಿಭಕ್ತಿ ಪ್ರತ್ಯಯಗಳನ್ನು ಮಾತ್ರ ನುಂಗಬೇಡ. ಈ ಕಥೆ ನಿಂತಿರುವುದು ಅವುಗಳ ಮೇಲೆ.

ಪಂಚಾಯಿತಿ ಎಲೆಕ್ಷನ್ನಿನಲ್ಲಿ ನಿಮ್ಮ ಅಜ್ಜಿ ತಪ್ಪಾಗಿ ಓಟು ಹಾಕಿದಳು ಎಂದು ನಮ್ಮ ಬೀದಿಯಲ್ಲಿ ಇವತ್ತಿಗೂ ಹೇಳುತ್ತಾರೆ. ನೀವೂ ಹಾಗೆಯೇ ನಂಬಿದ್ದೀರಿ. ಎದುರು ನಿಂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ, ಆದ್ದರಿಂದ ಬರೆದು ಹೇಳುತ್ತೇನೆ. ನಾನು ತಪ್ಪಾಗಿ ಹಾಕಲಿಲ್ಲ.

ಮೊದಲು ಒಂದು ಮಾತಿನ ವಿಷಯ. ಬಾಗಿಲಿಗೆ ಹಾಕುವುದನ್ನು ನೀವು ಪೂಟ್ಟು ಎನ್ನುತ್ತೀರಿ. ಹೆಣ್ಣು ಕೊಟ್ಟು ತಂದ ನೆಂಟರನ್ನು ಸಂಬಂದಿ ಎನ್ನುತ್ತೀರಿ. ನಮ್ಮ ಬೀದಿಯ ಹಳಬರಿಗೆ ಎರಡೂ ಬೀಗ. ಬಾಗಿಲಲ್ಲಿ ತೂಗಿದರೂ ಬೀಗ, ಮದುವೆ ಚಪ್ಪರದಲ್ಲಿ ಕೂತರೂ ಬೀಗ. ನೆಂಟನಿಗೆ ಗೌರವ ಸೇರಿಸಿ ಬೀಗರು ಎನ್ನುತ್ತೇವೆ, ಕಬ್ಬಿಣಕ್ಕೆ ಯಾರೂ ಗೌರವ ಸೇರಿಸುವುದಿಲ್ಲ. ನನ್ನ ಶಾಲೆಯ ಮೇಷ್ಟ್ರು ಇನ್ನೂ ಒಂದು ವ್ಯತ್ಯಾಸ ಕಲಿಸಿದ್ದರು. ಮನುಷ್ಯನಾದರೆ ಬೀಗನಿಗೆ, ಬೀಗರಿಗೆ. ವಸ್ತುವಾದರೆ ಬೀಗಕ್ಕೆ. ಮರಕ್ಕೆ, ಹೊಲಕ್ಕೆ, ಬೀಗಕ್ಕೆ. ತಪ್ಪಿದರೆ ಗೆಣ್ಣಿನ ಮೇಲೆ ಏಟು ಬೀಳುತ್ತಿತ್ತು. ಈ ಬೀದಿಯಲ್ಲಿ ಅಂಥ ಮೇಷ್ಟ್ರು ಯಾರಿಗೂ ಸಿಕ್ಕಿರಲಿಲ್ಲ. ತಮಿಳಿನ ಗಾಳಿಗೆ ಆ ಭೇದವೆಲ್ಲ ಸವೆದುಹೋಗಿತ್ತು. ನೆಂಟನಿಗೂ ಕಬ್ಬಿಣಕ್ಕೂ ಬೀಗಕ್ಕೆ ಎಂದೇ ಅನ್ನುತ್ತಿದ್ದರು, ಎಲ್ಲರಿಗೂ ಅರ್ಥವಾಗುತ್ತಿತ್ತು.

ಆ ಎಲೆಕ್ಷನ್ನಿನಲ್ಲಿ ಪ್ರೆಸಿಡೆಂಟ್ ಸ್ಥಾನಕ್ಕೆ ನಿಂತವರಲ್ಲಿ ಒಬ್ಬರು ನಮ್ಮ ಬೀಗರು, ಅಂದರೆ ನಿಮ್ಮ ಅಮ್ಮನ ಅಪ್ಪ, ನಿಮ್ಮ ತಾತ. ಅವರ ಬಗ್ಗೆ ಕೆಟ್ಟದ್ದು ಬರೆಯಲು ಕೂತಿಲ್ಲ. ಕುನ್ನತ್ತೂರಿನ ಅಂಗಡಿ ಬೀದಿಯಲ್ಲಿ ಅವರ ಹಾರ್ಡ್‌ವೇರ್ ಅಂಗಡಿ ಇದೆ, ಊರಲ್ಲಿ ತೆಂಗಿನ ತೋಪಿದೆ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಬೆಂಚು ಹಾಕಿಸುವವರು ಅವರು. ನಿಮ್ಮ ಅಜ್ಜ ಹೋದಾಗ ಮೂರು ದಿನ ಅಂಗಡಿ ಮುಚ್ಚಿ ನಮ್ಮ ಜಗುಲಿಯಲ್ಲೇ ಇದ್ದರು. ಅದನ್ನು ಮರೆಯುವವಳಲ್ಲ.

ಆದರೆ ಒಂದು ಗೇಟು ಇತ್ತು.

ನಮ್ಮ ಬೀದಿಯ ಹಿಂದಿನಿಂದ ಹಳ್ಳದ ಕಡೆಗೆ ಒಂದು ಗಾಡಿ ದಾರಿ ಹೋಗುತ್ತದೆ, ನಿಮ್ಮ ತಾತನ ತೋಪಿನ ಅಂಚಿನಲ್ಲೇ. ಹಳ್ಳದ ಆಚೆ ಸುಡುಗಾಡು. ದೊಡ್ಡ ರಸ್ತೆಯ ಆ ಬದಿಗೆ ಇರುವ ಕಾಲನಿಯ ಜನ, ಅಂದರೆ ದಲಿತ ಕೇರಿಯವರು, ನಮ್ಮ ಹೊಲಗಳಲ್ಲೆಲ್ಲ ಕಳೆ ಕಿತ್ತವರು, ತಮ್ಮವರು ಸತ್ತರೆ ಈ ದಾರಿಯಲ್ಲೇ ಹೆಣ ಒಯ್ಯುತ್ತಿದ್ದರು. ಒಂದು ದಿನ ನಿಮ್ಮ ತಾತ ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದರು. ಕಾಯಿ ಕಳುವಾಗುತ್ತಿದೆ ಎಂದರು. ನಮ್ಮ ಬೀದಿಯವರು ಕೇಳಿದರೆ ತೆಗೆಸುತ್ತಿದ್ದರು. ಕಾಲನಿಯವರು ಕೇಳಿದರೆ ಮಾತ್ರ ಚಾವಿ ಅಂಗಡಿಯಲ್ಲೇ ಉಳಿದುಬಿಟ್ಟಿರುತ್ತಿತ್ತು.

ಪಂಚಾಯಿತಿ ಎಲೆಕ್ಷನ್ನಿಗೆ ಪಾರ್ಟಿ ಇಲ್ಲ ಎಂದು ಕಾನೂನು. ಆದರೂ ನಿಮ್ಮ ತಾತನ ಹಿಂದೆ ಒಂದು ದೊಡ್ಡ ಪಾರ್ಟಿ, ಅವರ ಎದುರಾಳಿಯಾದ ಅಕ್ಕಿ ಗಿರಣಿಯವನ ಹಿಂದೆ ಇನ್ನೊಂದು ದೊಡ್ಡ ಪಾರ್ಟಿ. ಊರಲ್ಲಿ ಇರುವುದು ಇವೆರಡೇ ಎಂದು ಎಲ್ಲರೂ ತಿಳಿದಿದ್ದರು. ಗೇಟಿನ ವಿಷಯದಲ್ಲಿ ಇಬ್ಬರೂ ಒಂದೇ. ಗಿರಣಿಯವನದೂ ಆ ದಾರಿಯಲ್ಲಿ ಹೊಲ ಇತ್ತು.

ನಾಮಿನೇಷನ್ನಿಗೆ ಮೊದಲೇ ನಿಮ್ಮ ತಾತ ಒಂದು ಉಪಾಯ ಮಾಡಿದರು. ಚಿಹ್ನೆಗಳ ಸಾಲಿನಲ್ಲಿ ‘ಪೂಟ್ಟು ಸಾವಿ’, ಅಂದರೆ ಬೀಗ ಚಾವಿ, ಇದೆ, ಹೆಸರಿನ ಅಕ್ಷರಕ್ರಮದಲ್ಲಿ ಹಂಚುತ್ತಾರೆ, ಲೆಕ್ಕ ಹಾಕಿದರೆ ಅದು ನಿಮಗೇ ಬರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಅಂಗಡಿಯಲ್ಲಿ ಹಳೆಯ ಬೀಗಗಳು ಒಂದು ಮೂಟೆ ಇದ್ದವು, ಚಾವಿ ತಿರುಗಿಸಿದರೆ ಕೈ ನೋಯುವಂಥವು. ಬೀದಿಯ ಮನೆಮನೆಗೂ ಒಂದೊಂದು ಕೊಟ್ಟರು.

“ಬೀಗರ ಕಡೆಯಿಂದ ಒಂದು ಬೀಗ! ಈ ಬೀಗನ್ನ ನೋಡಿದಾಗೆಲ್ಲ ಈ ಬೀಗನ್ನ ನೆನಸ್ಕೊಳಿ!” ಎಂದು ಎದೆ ತಟ್ಟಿಕೊಂಡು ನಕ್ಕರು.

ನಮ್ಮ ಬೀದಿಯ ಬಾಗಿಲುಗಳಿಗೆ ಅಲ್ಲಿಯವರೆಗೆ ಬೀಗವೇ ಇರಲಿಲ್ಲ, ಚಿಲಕ ಸಾಕಾಗಿತ್ತು. ಕೊಟ್ಟದ್ದನ್ನು ಬೇಡ ಎನ್ನಬಾರದಲ್ಲ ಎಂದು ಎಲ್ಲರೂ ಎಲ್ಲೆಲ್ಲೋ ಹಾಕಿಕೊಂಡರು. ಬೀದಿಯ ಕೊನೆಯ ಮನೆಯ ಹಣ್ಣು ಮುದುಕಿ, ನಾವೆಲ್ಲ ದೊಡ್ಡಜ್ಜಿ ಎನ್ನುತ್ತಿದ್ದವಳು, ಕೋಳಿ ಗೂಡಿಗೆ ಹಾಕಿದಳು.

ಕೊನೆಯ ದಿನ ಸಂಜೆಯ ಹೊತ್ತಿಗೆ ಮೂರನೆಯವಳೊಬ್ಬಳು ನಾಮಿನೇಷನ್ ಹಾಕಿದಳು. ಕಾಲನಿಯವಳು. ತಿರುಪ್ಪೂರಿನ ಬನಿಯನ್ ಕಂಪೆನಿಗೆ ದಿನಾ ಬೆಳಿಗ್ಗೆ ಹೋಗುತ್ತಿದ್ದವಳು. ಕಂಪೆನಿಯ ವ್ಯಾನು ನಿಲ್ಲುತ್ತಿದ್ದುದು ನಮ್ಮ ಮನೆಯ ಮುಂದೆ, ಬೇವಿನ ಮರದ ಕೆಳಗೆ. ಅವಳ ಹಿಂದೆ ಯಾವ ಪಾರ್ಟಿಯೂ ಇರಲಿಲ್ಲ. ಅವಳ ಹೆಸರಿನ ಮೊದಲ ಅಕ್ಷರ ಮಾತ್ರ ನಿಮ್ಮ ತಾತನ ಅಕ್ಷರಕ್ಕಿಂತ ಮುಂದೆ ಇತ್ತು. ಸಾಲು ಒಂದು ಮನೆ ಸರಿಯಿತು. ಬೀಗ ಅವಳಿಗೆ ಹೋಯಿತು. ಗಿರಣಿಯವನಿಗೆ ಆಟೋ. ನಿಮ್ಮ ತಾತನಿಗೆ ಮಂಚ.

ಮಾರನೆಯ ದಿನ ಬೀಗರು ಬೀಗಗಳನ್ನು ವಾಪಸು ಕೇಳಲು ಬಂದರು. ಬೀದಿಯ ಪ್ರತಿ ಮನೆಯಲ್ಲೂ ಅವರೇ ಕೊಟ್ಟ ಬೀಗ ಎದುರಾಳಿಗೆ ಪ್ರಚಾರ ಮಾಡುತ್ತಾ ತೂಗುತ್ತಿತ್ತು. ಅರ್ಧ ಮನೆಯವರು ಚಾವಿ ಕಳೆದಿದ್ದರು. ದೊಡ್ಡಜ್ಜಿಯ ಕೋಳಿಗಳು ಆಗಲೇ ಒಳಗೆ ಸಿಕ್ಕಿಬಿದ್ದು ಕೂಗುತ್ತಿದ್ದವು. ಬೀಗರು ತಮ್ಮ ಅಂಗಡಿಯಿಂದಲೇ ಕಬ್ಬಿಣದ ಗರಗಸ ತರಿಸಿ, ಪಂಚೆ ಮೇಲೆ ಕಟ್ಟಿ, ಕೂತು ಕೊಯ್ದರು.

“ಯಾಕಪ್ಪಾ ಕುಯ್ತಾ ಇದ್ದೀಯ? ಚೆನ್ನಾಗೇ ಇತ್ತಲ್ಲ,” ಎಂದಳು ದೊಡ್ಡಜ್ಜಿ.

“ಇದು ಈಗ ಆಗೋದಿಲ್ಲ ಅಜ್ಜೀ. ಇದನ್ನ ಮರೆತುಬಿಡು. ಓಟು ಯಾರಿಗೆ ಹಾಕ್ತೀಯ, ಹೇಳು ನೋಡೋಣ?”

“ಬೀಗಕ್ಕೆ.”

“ಬೀಗಕ್ಕೆ ಅಲ್ಲಜ್ಜೀ! ಬೀಗಕ್ಕೆ!” ಎಂದು ಎದೆ ತಟ್ಟಿಕೊಂಡರು ಬೀಗರು.

“ಅದೇ ತಾನೆ ನಾನೂ ಹೇಳಿದ್ದು.”

“ಮಂಚಕ್ಕೆ ಅಜ್ಜೀ, ಮಂಚಕ್ಕೆ!”

“ಮಂಚಕ್ಕೆ ಯಾಕಪ್ಪಾ? ಇನ್ನೂ ನಡ್ಕೊಂಡು ಓಡಾಡ್ತಾ ಇದ್ದೀನಲ್ಲ.”

ನಾನು ಜಗುಲಿಯ ಕಂಬದ ಹಿಂದೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ.

ಆ ವಾರದಲ್ಲೇ ಕಾಲನಿಯಲ್ಲಿ ಒಬ್ಬಳು ತೀರಿಹೋದಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕಡಲೆಕಾಯಿ ಬಿಡಿಸುವುದನ್ನು ಕಲಿಸಿದವಳು ಅವಳು. ‘ಬೆಟ್ಟದ ಹುಡುಗೀ, ನಿಧಾನ, ನಿಧಾನ’ ಎಂದು ತಮಿಳಿನಲ್ಲಿ ಅನ್ನುತ್ತಿದ್ದಳು. ಅವಳ ಹೆಣ ಗೇಟಿನವರೆಗೂ ಬಂದು ನಿಂತು, ತಿರುಗಿ, ದೊಡ್ಡ ರಸ್ತೆ ಸುತ್ತಿಕೊಂಡು ಹೋಯಿತು. ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಹೊತ್ತವರು ರಸ್ತೆ ಬದಿಯ ಮಣ್ಣಿಗೆ ಇಳಿದು ನಿಂತು, ಬಸ್ಸು ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದರು. ಕಾಯಿ ಕದಿಯಲು ಯಾರೂ ಹೆಣ ಹೊತ್ತುಕೊಂಡು ಬರುವುದಿಲ್ಲ ಎಂದು ನನಗೆ ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಅದಾದ ಮೇಲೆ ನಿಮ್ಮ ತಾತನ ಮೆರವಣಿಗೆ ಬಂತು. ಚಿಹ್ನೆ ಜನರ ತಲೆಯಲ್ಲಿ ಕೂರಬೇಕೆಂದು ಅವರ ಕಡೆಯವರು ನಿಜವಾದ ಮಂಚವನ್ನೇ ಹೊತ್ತು ತಂದಿದ್ದರು. ಮಂಚಕ್ಕೆ ಚೆಂಡುಹೂವಿನ ಹಾರ, ನಾಲ್ಕು ಕಾಲಿಗೆ ನಾಲ್ಕು ಜನ, ಮುಂದೆ ತಮಟೆ. ಎಲ್ಲಕ್ಕೂ ಮುಂದೆ ಬೀಗರು, ಬಿಳಿ ಪಂಚೆಯಲ್ಲಿ, ಕೈ ಮುಗಿದುಕೊಂಡು, ತಲೆ ತಗ್ಗಿಸಿಕೊಂಡು. ನೋಡಿದವರಿಗೆ ಏನು ಅನ್ನಿಸಬೇಕೋ ಅದೇ ಅನ್ನಿಸಿತು. ಟೀ ಅಂಗಡಿಯವರು ಎದ್ದು ನಿಂತರು. ದಾರಿಹೋಕರು ಚಪ್ಪಲಿ ಕಳಚಿದರು. ಬೈಕಿನವನೊಬ್ಬ ಇಳಿದು, ಹೆಲ್ಮೆಟ್ ತೆಗೆದು, ಮೆಲ್ಲಗೆ ಕೇಳಿದ.

“ಹೋದವರು ಯಾರುಂಗಣ್ಣಾ?”

“ಯಾರೂ ಹೋಗಿಲ್ಲಪ್ಪಾ,” ಎಂದರು ಬೀಗರು, “ನಿಂತಿರೋದು ನಾನು.”

ಈ ಮಾತಿಗೆ ನಾನು ಈಗಲೂ ಒಬ್ಬಳೇ ಕೂತು ನಗುತ್ತೇನೆ. ಆದರೆ ಆ ದಿನ ನಗು ಅರ್ಧಕ್ಕೇ ನಿಂತಿತು. ಮೆರವಣಿಗೆ ನಮ್ಮ ಬೀದಿಯಿಂದ ಹಳ್ಳದ ಆಚೆಯ ತೋಟದ ಮನೆಗಳಿಗೆ ಹೋಗಬೇಕಿತ್ತು. ಬೀಗರು ಸೊಂಟದಿಂದ ಚಾವಿ ತೆಗೆದು ಗೇಟು ತೆರೆಸಿದರು. ಹೂವಿನ ಮಂಚ, ಮೇಲೆ ಯಾರೂ ಇಲ್ಲದ ಖಾಲಿ ಮಂಚ, ನಾಲ್ಕು ಜನರ ಹೆಗಲ ಮೇಲೆ, ತಮಟೆಯೊಂದಿಗೆ, ಆ ದಾರಿಯಲ್ಲಿ ಸಲೀಸಾಗಿ ಹೋಯಿತು. ಮನುಷ್ಯಳು ಮಲಗಿದ್ದ ಚಟ್ಟ ಅದೇ ಗೇಟಿನಿಂದ ಹಿಂದಿರುಗಿತ್ತು.

ನಾನು ಮದುವೆಯಾದಂದಿನಿಂದ ಓಟು ಹಾಕಿದ್ದೇನೆ. ಹೊಸಲು ದಾಟುವಾಗ ನಿಮ್ಮ ಅಜ್ಜ ಒಂದು ಚಿಹ್ನೆ ಹೇಳುತ್ತಿದ್ದರು, ಅದಕ್ಕೆ ಒತ್ತಿ ಬರುತ್ತಿದ್ದೆ. ಅಂಗಡಿಯಿಂದ ಸೋಪು ತಾ ಎಂದ ಹಾಗೆ. ಅವರು ಹೋದ ಮೇಲೆ ನಿಮ್ಮ ಅಪ್ಪ ಹೇಳುತ್ತಿದ್ದ. ಈ ಸಲವೂ ಹೇಳಿದ, “ಮಂಚಮ್ಮಾ, ಮರೀಬೇಡ.” ಹೂಂ ಎಂದೆ. ಆದರೆ ಮನಸ್ಸು ಹೂಂ ಎನ್ನಲಿಲ್ಲ. ಇದು ನನಗೆ ಹೊಸದು.

ಮಾರನೆಯ ಬೆಳಿಗ್ಗೆ ಬೇವಿನ ಮರದ ಕೆಳಗೆ ಅವಳು ವ್ಯಾನಿಗೆ ಕಾಯುತ್ತಿದ್ದಳು. ಎಲೆಕ್ಷನ್ನಿಗೆ ನಿಂತಿದ್ದರೂ ಕಂಪೆನಿಗೆ ರಜೆ ಹಾಕಿರಲಿಲ್ಲ. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ನಮ್ಮಿಬ್ಬರಿಗೂ ಮಾತು ಕಡಿಮೆ. ವರ್ಷಗಳಿಂದ ಅವಳು ನಗುತ್ತಾಳೆ, ನಾನು ತಲೆ ಆಡಿಸುತ್ತೇನೆ. ಆ ದಿನ ನಾನೇ ತಮಿಳಿನಲ್ಲಿ ಕೇಳಿದೆ, “ನಮ್ಮ ಬೀದಿಗೆ ಓಟು ಕೇಳೋಕೆ ಬರಲೇ ಇಲ್ಲವಲ್ಲಮ್ಮಾ?”

“ಬಂದೆ ಅಕ್ಕಾ. ನಿಮ್ಮ ಮನೆ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಂದೆ.”

“ನಮ್ಮದು ಯಾಕೆ ಬಿಟ್ಟೆ?”

“ನಿಮ್ಮ ಸಂಬಂದಿ ನಿಂತಿದ್ದಾರೆ. ನಾನು ಕೇಳಿದರೆ ನೀವು ಇಲ್ಲ ಅನ್ನಬೇಕು. ನಿಮಗೆ ಇಲ್ಲ ಅನ್ನೋಕೆ ಬರೋದಿಲ್ಲ. ಪಾಪ, ಯಾತಕ್ಕೆ ಕಷ್ಟ ಕೊಡೋದು?”

ವ್ಯಾನು ಬಂತು, ಹತ್ತಿಕೊಂಡು ಹೋದಳು. ನಾನು ಖಾಲಿ ಚೊಂಬು ಹಿಡಿದು ನಿಂತಿದ್ದೆ. ನನ್ನಿಂದ ಏನೂ ಕೇಳದೆ ಹೋದವಳು ಆ ಎಲೆಕ್ಷನ್ನಿನಲ್ಲಿ ಅವಳೊಬ್ಬಳೇ.

ಓಟಿನ ಹಿಂದಿನ ದಿನ ಬೀಗತಿ ಬಂದಳು, ನಿಮ್ಮ ಅಮ್ಮನ ಅಮ್ಮ. ಸಿರುಮುಗೈ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ವೀಳ್ಯ, ಬಾಳೆಹಣ್ಣು, ಕರ್ಪೂರ. ಮನೆಮನೆಯಲ್ಲೂ ಕರ್ಪೂರ ಹಚ್ಚಿಸಿ ಮಾತು ತೆಗೆದುಕೊಂಡು ಬರುತ್ತಿದ್ದಳು. ಕರ್ಪೂರದ ಮುಂದೆ ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

“ನಿಮ್ಮ ಮನೇಲಿ ಇದೆಲ್ಲ ಬೇಕಾಗಿಲ್ಲ ಅಕ್ಕಾ, ಗೊತ್ತು. ಆದ್ರೆ ನಿಮ್ಮನ್ನ ಬಿಟ್ರೆ ಬೇರೆಯವರು ಸುಮ್ನೆ ಇರ್ತಾರಾ? ಒಂದು ಮಾತು ಹೇಳಿಬಿಡಿ, ಸಾಕು.”

ನಿಮ್ಮ ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಕಡೆ ಹೆತ್ತವರು, ಒಂದು ಕಡೆ ನಾನು. ಕರ್ಪೂರ ಉರಿಯುತ್ತಿತ್ತು. ಇಲ್ಲ ಅನ್ನಲು ನನಗೆ ಬರುವುದಿಲ್ಲ ಎಂಬ ಮಾತು ಕಿವಿಯಲ್ಲೇ ಇತ್ತು. ಸುಳ್ಳೂ ಬರುವುದಿಲ್ಲ. ಎರಡೂ ಬಾರದವಳು ಏನು ಮಾಡಬೇಕು? ಆಗ ನನ್ನ ಕೈಯ ಗೆಣ್ಣುಗಳು ನೋಯತೊಡಗಿದವು, ಅಷ್ಟು ವರ್ಷದ ಹಿಂದಿನ ಏಟಿಗೆ. ಮರಕ್ಕೆ, ಹೊಲಕ್ಕೆ.

“ನನ್ನ ಓಟು ಬೀಗಕ್ಕೆ,” ಎಂದೆ.

‘ಕ್ಕೆ’ಯನ್ನು ಒತ್ತಿಯೇ ಹೇಳಿದೆ. ಬೀಗತಿಗೆ ಬಹಳ ಸಂತೋಷವಾಯಿತು. “ಅಕ್ಕ ಎಷ್ಟು ಗಟ್ಟಿಯಾಗಿ ಹೇಳಿದ್ರು ನೋಡು!” ಎಂದು ಮಗಳಿಗೆ ಹೇಳಿ, ಬಾಳೆಹಣ್ಣು ಕೊಟ್ಟು ಹೋದಳು.

ಓಟು ಶಾಲೆಯಲ್ಲಿ. ಮೆಷಿನ್ ಅಲ್ಲ, ಚೀಟಿ. ಬಣ್ಣಬಣ್ಣದ ಚೀಟಿ ಕೊಡುತ್ತಾರೆ, ಪ್ರೆಸಿಡೆಂಟ್ ಚೀಟಿ ಗುಲಾಬಿ. ರಟ್ಟಿನ ಮರೆಯಲ್ಲಿ ನಿಂತು ನೋಡಿದೆ: ಆಟೋ, ಬೀಗ, ಮಂಚ. ಮಂಚದ ಚಿತ್ರ ಚೆನ್ನಾಗಿತ್ತು, ದಿಂಬು ಕೂಡ ಬರೆದಿದ್ದರು. ಮೊಹರು ಕೈಯಲ್ಲಿ ಹಿಡಿದು, ಇವಳು ಗೆಲ್ಲುವುದಿಲ್ಲ ಎಂದುಕೊಂಡೆ. ಗೆಲ್ಲುವುದಿಲ್ಲ ಎಂದು ಗೊತ್ತಿದ್ದರೂ ಕೈ ಹಿಂದಕ್ಕೆ ಬರಲಿಲ್ಲ. ಅಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ನನ್ನಂಥವಳಿಗೆ ಅಂಥ ಜಾಗ ಲೋಕದಲ್ಲಿ ಅದೊಂದೇ. ಬೀಗದ ಮೇಲೆ ಒತ್ತಿದೆ. ಶಾಯಿ ಆರಲಿ ಎಂದು ಊದಿದೆ. ಎಷ್ಟು ಹೊತ್ತು ಊದಿದೆನೋ, “ಅಜ್ಜೀ, ಅಲ್ಲೇ ಅಡಿಗೆ ಮಾಡ್ತಾ ಇದ್ದೀರಾ?” ಎಂದು ಆಫೀಸರಮ್ಮ ಕೂಗಿದಳು.

ಎಣಿಸಿದಾಗ ಗಿರಣಿಯವನ ಆಟೋ ಗೆದ್ದಿತು, ಸ್ವಲ್ಪದರಲ್ಲಿ. ಮಂಚ ಎರಡನೆಯದು. ಆದರೆ ಊರೆಲ್ಲ ಬಾಯಿ ಬಿಟ್ಟದ್ದು ಬೀಗಕ್ಕೆ. ಕಾಲನಿಯಲ್ಲಿ ಇರುವ ಓಟಿಗಿಂತ ಎಷ್ಟೋ ಹೆಚ್ಚು ಅವಳಿಗೆ ಬಂದಿತ್ತು. ಅದೂ ನಮ್ಮ ವಾರ್ಡಿನ ಡಬ್ಬಿಯಲ್ಲಿ.

ಬೀಗರು ನಮ್ಮ ಬೀದಿಯ ಹೆಂಗಸರನ್ನೆಲ್ಲ ತಮ್ಮ ಮನೆಯ ಅಂಗಳಕ್ಕೆ ಕರೆಸಿದರು. ಬೈಯಲು ಅಲ್ಲ, ಕಾಫಿಗೆ ಎಂದು ಹೇಳಿಸಿದರು. ಮೆರವಣಿಗೆಯ ಮಂಚ ಅಲ್ಲೇ ಇತ್ತು, ಒಣಗಿದ ಚೆಂಡುಹೂವಿನೊಂದಿಗೆ. ಬೇರೆ ಜಾಗ ಇಲ್ಲದೆ ನಾವು ಕೆಲವರು ಅದರ ಮೇಲೇ ಕೂತೆವು. ಬೀಗರು ಒಂದು ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ದೊಡ್ಡಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಅಜ್ಜೀ, ಇದೇನು?”

“ಬೀಗ.”

“ನೀನು ಕೂತಿರೋದು ಯಾವುದರ ಮೇಲೆ?”

“ಮಂಚ. ನಂಗೇನು ಕಣ್ಣು ಹೋಗಿದೆಯಾ?”

“ಮತ್ತೆ ಯಾವುದಕ್ಕೆ ಒತ್ತಿದೆ?”

“ಬೀಗಕ್ಕೆ. ನೀನೇ ತಾನಪ್ಪಾ ಕೋಳಿ ಗೂಡಿನ ಹತ್ರ ಕೂತು ಹೇಳಿದ್ದು? ನಿನ್ನ ಹೆಂಡತಿ ಕರ್ಪೂರಾನೂ ಹಚ್ಚಿಸಿದ್ಲು.”

ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು. ಬೀಗಕ್ಕೆ ಅಂದಿರಿ, ಬೀಗಕ್ಕೆ ಹಾಕಿದೆವು. ಬೀಗರು ಮೊದಲು ತಲೆ ಚಚ್ಚಿಕೊಂಡರು. ಆಮೇಲೆ ನಿಧಾನಕ್ಕೆ ಅವರ ಮುಖ ತಿಳಿಯಾಯಿತು. ಯಾರೂ ಅವರನ್ನು ಬೇಡ ಎಂದಿರಲಿಲ್ಲ, ಎಲ್ಲರೂ ಅವರಿಗೇ ಹಾಕಲು ಹೋಗಿ ಕೈ ತಪ್ಪಿದ್ದರು. “ನನ್ನನ್ನ ಜನ ಸೋಲಿಸಲಿಲ್ಲ. ಮಾತು ಸೋಲಿಸಿತು,” ಎಂದರು. ಎಲ್ಲರೂ ಪಾಪ ಪಾಪ ಎಂದರು. ಕಾಫಿ ಬಂತು.

ಕೊನೆಗೆ ನನ್ನ ಕಡೆ ತಿರುಗಿದರು. “ಅಕ್ಕಾ, ನೀವೂನಾ? ನೀವು ಓದಿದವರು. ಪರವಾಗಿಲ್ಲ ಬಿಡಿ, ಗೊತ್ತಾಗದೆ ತಾನೆ?”

ತಲೆ ಆಡಿಸಿದ್ದರೆ ಮುಗಿದಿತ್ತು. ಜೀವಮಾನವೆಲ್ಲ ತಲೆ ಆಡಿಸಿದವಳು ನಾನು. ನಿಮ್ಮ ಅಪ್ಪ ದೂರದಿಂದ ‘ಆಡಿಸು, ಆಡಿಸು’ ಎಂದು ಕಣ್ಣಲ್ಲೇ ಹೇಳುತ್ತಿದ್ದ. ನಿಮ್ಮ ಅಮ್ಮ ಕಾಫಿ ತಟ್ಟೆಯನ್ನು ನನ್ನ ಮುಂದೆ ಚಾಚಿದಳು. ಆದರೆ ಮಕ್ಕಳಾ, ನನ್ನ ಬುದ್ಧಿಯಿಂದ ನಾನು ಹಾಕಿದ ಓಟು ಅದೊಂದೇ. ಅದನ್ನೂ ತಪ್ಪಿನ ಬುಟ್ಟಿಗೆ ಹಾಕಿಬಿಟ್ಟರೆ ನನ್ನದು ಅಂತ ಏನು ಉಳಿಯಿತು?

“ಗೊತ್ತಾಗಿಯೇ ಹಾಕಿದೆ ಬೀಗ್ರೇ,” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. “ಕರ್ಪೂರದ ಮುಂದೆ ಬೀಗಕ್ಕೆ ಅಂದೆ. ಬೀಗರಿಗೆ ಅನ್ನಲಿಲ್ಲ.”

“ಅದರಲ್ಲಿ ಏನಕ್ಕಾ ವ್ಯತ್ಯಾಸ?”

“ಒಂದು ಮನುಷ್ಯ. ಒಂದು ಕಬ್ಬಿಣ.”

ಬೀಗರ ಕಿವಿ ಕೆಂಪಾಯಿತು. “ಯಾಕೆ? ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?”

“ನನಗೆ ಏನೂ ಮಾಡಿಲ್ಲ. ನಿಮ್ಮ ಖಾಲಿ ಮಂಚ ಹೋದ ದಾರೀಲಿ ಅವರ ಹೆಣ ಹೋಗಬಾರದಾ?”

ಅವರು ಬೇರೆ ದಾರಿ ಹಿಡಿದರು. “ಸರಿ. ಹಾಕಿ ಏನಾಯ್ತು? ಗಿರಣಿಯವನು ಗೆದ್ದ. ಸೋಲೋರಿಗೆ ಹಾಕಿ ಓಟು ವೇಸ್ಟ್ ಮಾಡಿದಿರಿ.”

“ನಿಮಗೆ ಹಾಕಿದೋರದೂ ಹಾಗೇ ಆಯ್ತಲ್ಲ ಬೀಗ್ರೇ.”

ಇದನ್ನು ನಾನು ಎದುರುತ್ತರ ಕೊಡಬೇಕೆಂದು ಹೇಳಲಿಲ್ಲ. ಹಾಗೆ ತೋಚಿತು, ಹೇಳಿದೆ. ಯಾರೋ ಕಿಸಕ್ಕೆಂದರು. ಬೀಗತಿ ಗಾಬರಿಯಿಂದ, “ಅಕ್ಕನಿಗೆ ಬಿಸಿಲು ಹತ್ತಿದೆ, ಏನೋ ಹೇಳ್ತಾರೆ, ಪಾಪ ಅವರೂ ತಪ್ಪಾಗಿ ಹಾಕಿರೋದೇ,” ಎಂದು ನನ್ನನ್ನು ಎಬ್ಬಿಸಿದಳು. ಬೀದಿಯಲ್ಲಿ ಇವತ್ತಿಗೂ ನಡೆಯುತ್ತಿರುವುದು ಆ ಮಾತು. ಬೀಗರ ಬೀಗರೇ ಬೇಕೆಂದೇ ಎದುರು ಹಾಕಿದರು ಎನ್ನುವುದಕ್ಕಿಂತ, ಮುದುಕಿಗೆ ತಿಳಿಯಲಿಲ್ಲ ಎನ್ನುವುದು ಎಲ್ಲರಿಗೂ ಸುಖ.

ಎದ್ದು ಬರುವಾಗ ದೊಡ್ಡಜ್ಜಿ ಯಾರಿಗೂ ಹೇಳದವಳ ಹಾಗೆ ಹೇಳಿದಳು, “ಇವಳೊಬ್ಬಳಿಗೇನಾ ಕನ್ನಡ ಬರೋದು?”

ಅದರ ಅರ್ಥವನ್ನು ನಾನು ಕೇಳಲಿಲ್ಲ. ಕೇಳಬೇಕು ಎನ್ನುವಷ್ಟರಲ್ಲಿ ಅವಳು ತೀರಿಕೊಂಡಳು.

ಮಾರನೆಯ ಬೆಳಿಗ್ಗೆ ವ್ಯಾನಿನ ಹೊತ್ತಿಗೆ ಬೀಗರ ಮೊಪೆಡ್ ನಮ್ಮ ಮನೆಯ ಮುಂದೆ ನಿಂತಿತು. ಬೇವಿನ ಮರದ ಕೆಳಗೆ ಅವಳು ಎಂದಿನ ಹಾಗೆ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಬೀಗರು ಅವಳ ಕಡೆ ನೋಡಲಿಲ್ಲ. ಒಂದು ದೊಡ್ಡ ಬೀಗವನ್ನು ತಂದು ನಮ್ಮ ಜಗುಲಿಯ ಮೇಲೆ ಧಡ್ ಎಂದು ಇಟ್ಟರು. ಗೇಟಿನ ಬೀಗ.

“ಬೀಗಕ್ಕೆ ಬೀಗಕ್ಕೆ ಅಂತೀರಲ್ಲ. ಬೀಗನೇ ದೊಡ್ಡದು ತಾನೆ ನಿಮಗೆ? ಇಟ್ಕೊಳ್ಳಿ!”

“ಚಾವಿ?” ಎಂದೆ.

“ಚಾವಿ ಕೊಡೋದಿಲ್ಲ! ಚಾವಿ ನನ್ನ ಹತ್ರಾನೇ ಇರುತ್ತೆ!” ಎಂದು ಸೊಂಟ ತಟ್ಟಿಕೊಂಡು ಮೊಪೆಡ್ ಹತ್ತಿ ಹೊರಟುಹೋದರು.

ನಾವಿಬ್ಬರೂ ಬೀಗ ನೋಡುತ್ತಾ ನಿಂತೆವು. ಅವಳು ಮೆಲ್ಲಗೆ ಕೇಳಿದಳು, “ಅಕ್ಕಾ, ಬೀಗ ಇಲ್ಲಿದ್ದರೆ, ಗೇಟು?”

ನನಗೂ ಅದು ಹೊಳೆದದ್ದು ಆಗಲೇ. ಇಬ್ಬರಿಗೂ ಒಟ್ಟಿಗೆ ನಗು ಬಂತು. ವ್ಯಾನಿನವನು ಹಾರನ್ ಹೊಡೆದ.

ಬೀಗರ ಅಂಗಡಿಯಲ್ಲಿ ಬೀಗಕ್ಕೆ ಬರವಿಲ್ಲ. ಸಂಜೆಯೊಳಗೆ ಇನ್ನೊಂದು ಹಾಕಬಹುದಿತ್ತು. ಹಾಕಿದರೆ, ‘ಹಾಗಾದರೆ ಬೆಳಿಗ್ಗೆ ಅಕ್ಕನಿಗೆ ಕೊಟ್ಟದ್ದು ಯಾಕೆ?’ ಎಂದು ಊರು ಕೇಳುತ್ತಿತ್ತು. ಅವರು ಹಾಕಲಿಲ್ಲ. ದನ ನುಗ್ಗದ ಹಾಗೆ ಗೇಟಿಗೆ ತೆಂಗಿನ ನಾರಿನ ಹಗ್ಗ ಕಟ್ಟಿದರು. ಕಾಲನಿಯವರು ಬಿಚ್ಚಿ ಹೋಗುತ್ತಾರೆ, ಬರುವಾಗ ಕಟ್ಟಿ ಬರುತ್ತಾರೆ. ಕಾಯಿ ಕಳುವಾಯಿತೆಂದು ಬೀಗರು ಆಮೇಲೆ ಹೇಳಿದ್ದನ್ನು ನಾನು ಕೇಳಿಲ್ಲ. ಇದು ನನ್ನ ಓಟಿನಿಂದ ಆಯಿತು ಎನ್ನಲಾರೆ. ಅವರ ಸಿಟ್ಟಿನಿಂದ ಆಯಿತು.

ಪೊಂಗಲ್‌ವರೆಗೂ ಬೀಗರು ನಮ್ಮ ಮನೆಗೆ ಬರಲಿಲ್ಲ. ನಿಮ್ಮ ಅಮ್ಮ ನನ್ನೊಂದಿಗೆ ಮಾತು ಬಿಡಲಿಲ್ಲ, ಆದರೆ ಸಾರಿಗೆ ಉಪ್ಪು ಎಷ್ಟು ಎಂಬುದನ್ನು ಬಿಟ್ಟು ಬೇರೆ ಏನೂ ಕೇಳುತ್ತಿರಲಿಲ್ಲ. ಪೊಂಗಲ್ ದಿನ ಅವಳೇ ಹೋಗಿ ಅಪ್ಪನನ್ನು ಕರೆತಂದಳು. ಬಂದರು, ಕೂತರು. ನಾನೇ ಬಡಿಸಿದೆ. ಚಾವಿ ಸೊಂಟದಲ್ಲಿ ಇತ್ತು, ಬೀಗ ನಮ್ಮ ಕಿಟಕಿಯ ಮೇಲಿತ್ತು, ಅವರಿಗೆ ಕಾಣುವ ಹಾಗೆಯೇ.

ಪಾಯಸ ಮುಗಿದ ಮೇಲೆ ಅವರು ಎಲೆ ನೋಡುತ್ತಲೇ ಹೇಳಿದರು, “ಬೀಗಕ್ಕೆ ಇನ್ನೊಂದು ಸೌಟು ಹಾಕಿ ಅಕ್ಕಾ.”

ನಾನು ಸೌಟು ಬಗ್ಗಿಸಿದೆ.

“ಬೀಗಕ್ಕೆ ಹಾಕೋದು ಅವತ್ತೇ ಆಯ್ತು,” ಎಂದೆ. “ಇದು ಬೀಗರಿಗೆ.”